ಒಂದೂವರೆ ಅಡಿಯ ಸವಾರಿ

ನನ್ನ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಆ ಮೊಳೆಗೆ ಕೈಯಗಲದ ಒಂದು ಬಿಳಿ ಬಟ್ಟೆ ತೂಗುತ್ತದೆ. ಬಂದವರು ಮಸಿಬಟ್ಟೆ ಎಂದುಕೊಂಡು ಬಿಸಿ ಪಾತ್ರೆ ಇಳಿಸಲು ಅದಕ್ಕೆ ಕೈ ಚಾಚಿದರೆ ನಾನು ಗದರುತ್ತೇನೆ. ಅದು ಅಡುಗೆಗೆ ಸೇರಿದ್ದಲ್ಲ. ಅದರ ಮೇಲೆ ಕಂದು ಗೆರೆಗಳು ಸಾಲಾಗಿ ಇವೆ. ಒಂದು ಗೆರೆ ಎಂದರೆ ಒಂದು ಮುಂಜಾನೆ. ದಿನಾಲೂ ಆರೂವರೆಗೆ ನಾನು ಅಂಗಳದ ಕಾರಿನ ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಈ ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ, ಎತ್ತಿ ಬೆಳಕಿಗೆ ಹಿಡಿಯುತ್ತೇನೆ. ಮೂವತ್ತನಾಲ್ಕು ವರ್ಷ ಥರ್ಮಾಮೀಟರನ್ನು ಹಾಗೆಯೇ ಹಿಡಿದಿದ್ದೇನೆ. ಆಸ್ಪತ್ರೆ ಬಿಟ್ಟು ಹತ್ತು ವರ್ಷವಾದರೂ ಚಿಕ್ಕೋಡಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ನಾನು ಸಿಸ್ಟರ್ ಬಾಯಿ.

ಆ ಕಾರು ನನ್ನದಲ್ಲ, ತಮ್ಮ ರಾವಸಾಹೇಬನದು. ಅವನು ಐನಾಪುರದಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಅರವತ್ತು ದಾಟಿದ ಮೇಲೆ ಮನುಷ್ಯ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಬೇಕು. ಇವನು ಹೋಗಿ ಎಣ್ಣೆ ಕುಡಿಯುವ ಕಾರು ತಂದ. ನೆಲಕ್ಕೆ ಅಂಟಿಕೊಂಡ, ಕೆಂಪು ಬಣ್ಣದ, ಎರಡೇ ಜನ ಸರಿಯಾಗಿ ಕೂರಬಹುದಾದ ಜಪಾನಿನ ಹಳೆಯ ಕಾರು. ಯಾರೋ ಪರದೇಶದಿಂದ ಮರಳುವಾಗ ಜೊತೆಗೆ ತಂದದ್ದು ಕೈಯಿಂದ ಕೈಗೆ ದಾಟಿ ಕೊಲ್ಲಾಪುರದ ಕಡೆಯ ಒಬ್ಬರ ಮನೆಯಲ್ಲಿ ನಿಂತಿತ್ತು. ಅದನ್ನು ತಂದರೆ ತಾನು ತವರಿಗೆ ಹೋಗುವುದಾಗಿ ನಾದಿನಿ ಹೇಳಿದಳು. ಹೀಗಾಗಿ ಕಾರು ನನ್ನ ಅಂಗಳಕ್ಕೆ ಬಂತು. ತಮ್ಮ ಪ್ರತಿ ಭಾನುವಾರ ಬಸ್ಸಿನಲ್ಲಿ ಬಂದು, ನಿಪ್ಪಾಣಿಯವರೆಗೆ ಓಡಿಸಿ, ತಂದು ನಿಲ್ಲಿಸಿ, ಮತ್ತೆ ಬಸ್ಸಿನಲ್ಲೇ ಐನಾಪುರಕ್ಕೆ ಹೋಗುತ್ತಾನೆ. ಉಳಿದ ಆರು ದಿನದ ಶುಶ್ರೂಷೆ ನನ್ನದು.

ಅನುಮಾನ ನನಗೆ ಅಪ್ಪನಿಂದ ಬಂದ ಆಸ್ತಿ. ಹೊಲ ತಮ್ಮನಿಗೆ ಹೋಯಿತು, ಇದು ನನಗೆ ಉಳಿಯಿತು. ನಮ್ಮ ಚಕ್ಕಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ಅಪ್ಪ ಬಿದಿರಿನ ಗೊಟ್ಟದಲ್ಲಿ ತುಂಬಿ ಕೊಟ್ಟಿಗೆಯ ಮೊಳೆಗೆ ತೂಗುಹಾಕುತ್ತಿದ್ದರು. ಸಂಜೆ ಅದರೊಳಗೆ ಜೋಳದ ದಂಟಿನ ಕಡ್ಡಿ ಇಳಿಸಿ, ಎಣ್ಣೆ ಮುಟ್ಟಿದ ಜಾಗದಲ್ಲಿ ಉಗುರಿನಿಂದ ಗೀರು ಹಾಕಿ, ಆ ಕಡ್ಡಿಯನ್ನು ತಲೆಯ ರುಮಾಲಿನಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಮುಂಜಾನೆ ಎದ್ದು ಮತ್ತೆ ಇಳಿಸಿ ನೋಡುವುದು. ಕೀಲೆಣ್ಣೆ ಕದ್ದು ಯಾರು ಏನು ಮಾಡಿಯಾರು? ಅಪ್ಪನಿಗೆ ಅದು ಪ್ರಶ್ನೆಯೇ ಅಲ್ಲ. "ಕದ್ದಾರಂತ ಅಲ್ಲವಾ, ಕದ್ದಿಲ್ಲಂತ ಗೊತ್ತಿರಬೇಕ," ಎನ್ನುತ್ತಿದ್ದರು. ಆಗ ತಮ್ಮ ರಾವಸಾಹೇಬ ಚಕ್ಕಡಿಯ ಗಾಲಿಯನ್ನು ತಿರುಗಿಸಿ, ಅದು ನಿಲ್ಲುವ ತನಕ ಬಾಯಿ ತೆರೆದು ನೋಡುತ್ತಿದ್ದ. ಅವನಿಗೆ ತಿರುಗುವುದೆಲ್ಲ ಇಷ್ಟ. ನನಗೆ ಅದು ಏಕೆ ತಿರುಗುತ್ತದೆ ಎಂಬ ಸಂಶಯ.

ಕಾರು ನೋಡಲು ಹೋದ ದಿನ ನಾವು ಮೂವರಿದ್ದೆವು: ತಮ್ಮ, ನಾನು ಮತ್ತು ಸಿದ್ಧಾರ್ಥ ಮೇಸ್ತ್ರಿ. ಸಿದ್ಧಾರ್ಥ ಚಿಕ್ಕೋಡಿಯಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡು ಹಳೆಯ ಸ್ಕೂಟರುಗಳನ್ನೂ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಬ್ಲೋವರುಗಳನ್ನೂ ರಿಪೇರಿ ಮಾಡುವವನು. ಐವತ್ತರ ಆಸುಪಾಸು, ಕಡಿಮೆ ಮಾತು. ಅವನ ಶೆಡ್ಡಿನಲ್ಲಿ ಬುದ್ಧನ ಒಂದು ಚಿತ್ರ, ಅದರ ಕೆಳಗೆ ಅಳತೆಯ ಪ್ರಕಾರ ಜೋಡಿಸಿದ, ನಟ್ಟು ತಿರುಗಿಸುವ ಪಾನಾಗಳು. ಆ ಜೋಡಣೆ ನೋಡಿಯೇ ನಾನು ಅವನನ್ನು ಒಪ್ಪಿದ್ದೆ.

ದಾರಿಯಲ್ಲಿ ಅವನು ಇಂಜಿನ್ನಿನ ವಿಷಯ ತಿಳಿಸಿದ. ಮೇಲೆ ಕೆಳಗೆ ಜಿಗಿಯುವ ಪಿಸ್ಟನ್ ಇದರಲ್ಲಿ ಇಲ್ಲವಂತೆ. ಸಮೋಸಾದಂಥ ಮೂರು ಮೂಲೆಯ ಒಂದು ಲೋಹದ ಗಟ್ಟಿ, ಮೊಟ್ಟೆಯಂಥ ಡಬ್ಬಿಯೊಳಗೆ ಗರಗರ ತಿರುಗುತ್ತದಂತೆ. ಅಂಥವು ಎರಡು. ಆ ಮೂಲೆಗಳ ತುದಿಗೆ ತೆಳ್ಳನೆಯ ಪಟ್ಟಿಗಳು. ಅವು ಸವೆದರೆ ಇಂಜಿನ್ನು ಮುಗಿಯಿತು. ಸವೆಯದಿರಲೆಂದು ಇಂಜಿನ್ನೇ ತನ್ನ ಎಣ್ಣೆಯನ್ನು ಅವುಗಳ ಮೇಲೆ ಸುರಿದುಕೊಂಡು ಸುಟ್ಟುಕೊಳ್ಳುತ್ತದೆ.

"ಅಂದ್ರ ಎಣ್ಣಿ ಸುಡೂದು ರೋಗ ಅಲ್ಲೇನು?" ಎಂದು ನಾನು ಕೇಳಿದೆ.

"ಇದಕ್ಕ ಅದ ಆರೋಗ್ಯರಿ ಬಾಯಿ. ಎಣ್ಣಿ ಇಳೀಲಿಲ್ಲಂದ್ರ ಅಂಜಬೇಕು."

ರೋಗವನ್ನೇ ಆರೋಗ್ಯ ಎನ್ನುವ ವಸ್ತುವನ್ನು ನಾನು ಆ ಕ್ಷಣದಿಂದಲೇ ನಂಬಲಿಲ್ಲ.

ಮಾರುವವರು ಬಹಳ ಸಭ್ಯರು. ಅದೂ ನನಗೆ ಸರಿಬರಲಿಲ್ಲ. ಗಾಡಿ ಒಂದೇ ಕೀಲಿಗೆ ಹತ್ತಿ ಚಾಲೂ ಆಯಿತು. ತಮ್ಮನ ಮುಖ ಚಕ್ಕಡಿಯ ಗಾಲಿ ನೋಡುವ ಹುಡುಗನದಾಯಿತು. ಸಿದ್ಧಾರ್ಥ ನನ್ನ ಕಿವಿಯ ಹತ್ತಿರ ಬಂದು, "ತಂಪ ಇದ್ದಾಗ ಎಲ್ಲಾ ಹತ್ತತಾವ್ರಿ. ಓಡಿಸಿ ಬಿಸಿ ಮಾಡಿ, ಬಂದ್ ಮಾಡಿ, ಹತ್ತ ಮಿನಿಟ ಬಿಟ್ಟ ಮತ್ತ ಹಚ್ಚಾಕ ಹೇಳ್ರಿ. ಮೂಲಿ ಸವದಿದ್ರ ಆವಾಗ ಗೊತ್ತಾಗತೈತಿ," ಎಂದ. ನನಗೆ ಅದು ಕೂಡಲೇ ಅರ್ಥವಾಯಿತು. ಮಂಚದ ಮೇಲೆ ಮಲಗಿದ ರೋಗಿಯ ನಾಡಿ ನೋಡಿ ಏನು ಪ್ರಯೋಜನ, ಮೆಟ್ಟಿಲು ಹತ್ತಿಸಿ ನೋಡಬೇಕು. ಗಾಡಿಯನ್ನು ಊರ ಹೊರಗಿನ ತನಕ ಓಡಿಸಿ ತಂದೆವು. ಬಂದ್ ಮಾಡಿಸಿದೆ. ಗಡಿಯಾರ ನೋಡಿಕೊಂಡು ಚಹಾ ಕುಡಿದೆ. ಮತ್ತೆ ಹಚ್ಚಿಸಿದೆ, ಹತ್ತಿತು. ಇನ್ನೊಮ್ಮೆ ಚಹಾ ಕೇಳಿದೆ. ಅವರ ಸಭ್ಯತೆ ಸ್ವಲ್ಪ ಕಡಿಮೆಯಾಯಿತು. ಆಗ ನನಗೆ ಸಮಾಧಾನವಾಯಿತು. ಸಿದ್ಧಾರ್ಥ ಒಂದು ಮುಳ್ಳಿನ ಗಡಿಯಾರ ಹಚ್ಚಿ ಒತ್ತಡವನ್ನೂ ನೋಡಿದ. ಮೂರು ಮೂಲೆಗೆ ಮೂರು ಜಿಗಿತ, ಮೂರೂ ಒಂದೇ ಎತ್ತರ. ರಕ್ತದೊತ್ತಡ ನೋಡಿದಷ್ಟೇ ಚೊಕ್ಕ ಕೆಲಸ.

ಮಾರುವವರು ಹೇಳಿದ ಪಥ್ಯವನ್ನೆಲ್ಲ ನಾನು ಅಲ್ಲೇ ಬರೆದುಕೊಂಡೆ. ದಿನಾಲೂ ಎಣ್ಣೆ ನೋಡಬೇಕು. ನೀರು ಕಡಿಮೆಯಾಗಬಾರದು. ಅದನ್ನು ಯಾವಾಗಲೂ ಮುದ್ದು ಮಾಡುತ್ತ ಮೆಲ್ಲಗೆ ಓಡಿಸಬಾರದು. ಬಿಸಿಯಾದ ಮೇಲೆ ಒಮ್ಮೆಯಾದರೂ ಚೆನ್ನಾಗಿ ಎಳೆದು ಒಳಗಿನ ಮಸಿ ಉದುರಿಸಬೇಕು. ಚಾಲೂ ಮಾಡಿದರೆ ಶಾಖ ತೋರಿಸುವ ಮುಳ್ಳು ನಡುವಿಗೆ ಬರುವಷ್ಟು ಬಿಸಿಯಾಗುವ ತನಕ ಬಂದ್ ಮಾಡಬಾರದು. ಇಲ್ಲದಿದ್ದರೆ ಉರಿಯದ ಪೆಟ್ರೋಲು ಒಳಗೇ ನಿಂತು, ಮೂಲೆಗಳ ಎಣ್ಣೆಯನ್ನು ತೊಳೆದು, ಮುಂದೆ ಗಾಡಿ ಹತ್ತುವುದಿಲ್ಲ. ನಾಲ್ಕೂ ನಿಯಮ ದುಂಡಗೆ ಬರೆದು ಗೋಡೆಗೆ ಅಂಟಿಸಿದೆ. ಪಕ್ಕದಲ್ಲಿ ಚಾರ್ಟು ಹಾಕಿದೆ: ತಾರೀಖು, ಎಣ್ಣೆ, ನೀರು, ಓಡಿಸಿದವರು, ಎಷ್ಟು ದೂರ, ವಿಶೇಷ. ತಮ್ಮ ನೋಡಿ, "ಅಕ್ಕಾ, ಇದರ ಕೈಗೊಂದು ಸಲೈನ್ ಹಚ್ಚಿಬಿಡು," ಎಂದ.

ಆದರೂ ತಿಂಗಳಿಗೊಂದು ಭಾನುವಾರ ಗಾಡಿ ಹತ್ತುತ್ತಿರಲಿಲ್ಲ.

ಮೂರು ಭಾನುವಾರ ಸರಿಯಾಗಿ ಹೋಗುವುದು. ನಾಲ್ಕನೆಯದಕ್ಕೆ ಕೀಲಿ ತಿರುಗಿಸಿದರೆ ಕೊಂಯ್ ಕೊಂಯ್ ಎಂದು ಅಳುವುದು, ಅಂಗಳವೆಲ್ಲ ಪೆಟ್ರೋಲಿನ ವಾಸನೆ. ಸಿದ್ಧಾರ್ಥನನ್ನು ಕರೆಸುವುದು. ಅವನು ಪ್ಲಗ್ಗು ಬಿಚ್ಚಿ ಒಣಗಿಸಿ, ಒಳಗೆ ಹನಿ ಎಣ್ಣೆ ಬಿಟ್ಟು, ಏನೇನೋ ಮಾಡಿ ಹಚ್ಚುವುದು. ಬಿಳಿಯ ಹೊಗೆ ಎದುರಿನ ಮನೆಯ ತನಕ ಹೋಗುವುದು. ಹೋಗುವ ಮುಂಚೆ ಅವನು ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದ: "ಬಾಯಾರ, ಚಾಲೂ ಮಾಡಿ ಲಗೂನ ಬಂದ್ ಮಾಡಿದ್ರೇನು?"

"ಇಲ್ಲಪಾ. ಗ್ವಾಡಿ ಮ್ಯಾಲ ನಾನ ಬರದೇನಿ, ನಾನ ಮಾಡತೇನೇನು?"

ಅವನು ತಲೆ ಕೆರೆದುಕೊಂಡು ಹೋಗುತ್ತಿದ್ದ. ಆ ತಲೆ ಕೆರೆದುಕೊಳ್ಳುವುದೇ ನನಗೆ ನಾಟಕದಂತೆ ಕಾಣತೊಡಗಿತು. ತಿಂಗಳಿಗೊಮ್ಮೆ ಕೆಡುವ ಗಾಡಿ, ತಿಂಗಳಿಗೊಮ್ಮೆ ಬರುವ ಮೇಸ್ತ್ರಿ. ಚಾರ್ಟಿನಲ್ಲಿ ಇಬ್ಬರೂ ಜೊತೆಯಾಗಿಯೇ ಇದ್ದರು.

ಇಲ್ಲಿ ಬೇಡಕಿಹಾಳದ ಒಬ್ಬ ಅಜ್ಜನ ನೆನಪು ಬರುತ್ತದೆ. ನಾನು ವಾರ್ಡಿನಲ್ಲಿದ್ದಾಗ ಆತನ ಸಕ್ಕರೆ ಏನು ಮಾಡಿದರೂ ಇಳಿಯಲೊಲ್ಲದು. ಗೇಟಿನ ಚಹಾದವನ ಮೇಲೆ ನನ್ನ ಕಣ್ಣು ಬಿತ್ತು. ಕದ್ದು ಸಿಹಿ ಚಹಾ ಕೊಡುತ್ತಾನೆಂದು ತೀರ್ಮಾನಿಸಿ ಅವನ ಗಾಡಿಯನ್ನು ಗೇಟಿನಿಂದ ಎಬ್ಬಿಸಿದೆ. ಕೊನೆಗೆ ನೋಡಿದರೆ ಅಜ್ಜನ ಹೆಂಡತಿ ಪ್ರತಿ ಮಂಗಳವಾರ ದೇವರ ಪೇಡೆ ತಂದು ತಿನ್ನಿಸುತ್ತಿದ್ದಳು. "ಏನೂ ತಿನ್ನಿಸಿಲ್ಲ ಅಂದಿದ್ದೆಲ್ಲಬೇ?" ಎಂದು ಗದರಿದರೆ, "ತಿನ್ನಿಸಿಲ್ರಿ, ಅದು ಪ್ರಸಾದ," ಎಂದಳು. ಆಕೆಗೆ ಅರ್ಧ ತಾಸು ಉಪನ್ಯಾಸ ಕೊಟ್ಟೆ. ಚಹಾದವನಿಗೆ ಮಾತ್ರ ಏನೂ ಹೇಳಲಿಲ್ಲ. ಅವನು ಎಲ್ಲಿ ಹೋದನೋ ನನಗೆ ತಿಳಿಯದು.

ಗಾಡಿಯ ವಿಷಯಕ್ಕೆ ಬರುತ್ತೇನೆ. ಮಹಾನವಮಿಯ ಮುಂಚಿನ ಅಮಾವಾಸ್ಯೆಗೆ ಗಾಡಿ ಎರಡು ವಾರ ಸಿದ್ಧಾರ್ಥನ ಶೆಡ್ಡಿನಲ್ಲಿತ್ತು. ಕಿಡಿ ಕೊಡುವ ಕಾಯಿಲ್ ಬದಲಿಸಬೇಕಿತ್ತು. ಅಲ್ಲಿ ಅದು ಒಂದು ದಿನವೂ ಕೆಡಲಿಲ್ಲ. ಮನೆಗೆ ಬಂತು. ಮಹಾನವಮಿಗೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಆಯಿತು. ಮುಂದಿನ ಭಾನುವಾರ ಸತ್ತು ಕುಳಿತಿತ್ತು. ಅವನು ಬಂದು ಹಚ್ಚಿಕೊಟ್ಟು ಹೋದ. ನನ್ನ ಮನಸ್ಸಿನಲ್ಲಿ ಮೊಕದ್ದಮೆ ಮುಗಿದಿತ್ತು.

ಸೀಗಿ ಹುಣ್ಣಿಮೆಗೆ ತಮ್ಮನ ತೋಟದಲ್ಲಿ ಊಟ. ಬಂಧುಗಳು, ಅಕ್ಕಪಕ್ಕದ ತೋಟದವರು, ಮೂವತ್ತು ನಲವತ್ತು ಜನ. ಯಾರೋ, "ಸಿಸ್ಟರ್ ಬಾಯಿ, ನಿಮ್ಮ ಕೆಂಪ ಪೇಶಂಟ್ ಹೆಂಗೈತ್ರಿ?" ಎಂದರು. ನಾನು ಕಡುಬು ಮುರಿಯುತ್ತ ಹೇಳಿಬಿಟ್ಟೆ: "ಪೇಶಂಟ್ ನೆಟ್ಟಗೈತಿ, ಡಾಕ್ಟರ ಸರಿ ಇಲ್ಲ. ಅವನ ಕೈಯಾಗ ಇದ್ದಾಗ ಓಡತೈತಿ, ನಮ್ಮ ಮನಿಗಿ ಬಂದ್ರ ನಿಲ್ಲತೈತಿ. ಏನೋ ಮಾಡಿ ಕಳಸ್ತಾನ."

ಇಷ್ಟೇ. ಚಿಟಿಕೆ ಉಪ್ಪಿನಷ್ಟು ಮಾತು. ಆದರೆ ಅದು ಬಳ್ಳಿ ಸವರುವ ಛಾಟಣಿ ಮುಗಿದು ದ್ರಾಕ್ಷಿಗೆ ಔಷಧಿ ಹೊಡೆಯುವ ಹಂಗಾಮು. ಐನಾಪುರದ ಅರ್ಧ ಬ್ಲೋವರುಗಳು ಸಿದ್ಧಾರ್ಥನ ಶೆಡ್ಡಿಗೆ ಹೋಗುತ್ತಿದ್ದವು. ಪಕ್ಕದ ತೋಟದ ಅಣ್ಣಾಸಾಹೇಬ ಎಂಬ ದೊಡ್ಡ ಬೆಳೆಗಾರ ಮರುದಿನವೇ ತನ್ನ ಎರಡು ಬ್ಲೋವರುಗಳನ್ನು ವಾಪಸು ತರಿಸಿಕೊಂಡ. ಅವನನ್ನು ನೋಡಿ ಉಳಿದವರು. ಐನಾಪುರದಲ್ಲಿ ಆಡಿದ ಮಾತು ಚಿಕ್ಕೋಡಿಗೆ ಬಸ್ಸಿಗಿಂತ ಮೊದಲು ತಲುಪುತ್ತದೆ. ಸಿದ್ಧಾರ್ಥ ನನ್ನ ಮನೆಗೆ ಬರುವುದು ನಿಲ್ಲಿಸಿದ. ಬರದೇ ಇದ್ದದ್ದನ್ನೂ ನಾನು ತಪ್ಪೊಪ್ಪಿಗೆ ಎಂದು ಓದಿಕೊಂಡೆ.

ದೀಪಾವಳಿಯ ಅಮಾವಾಸ್ಯೆ ಕಳೆದ ಭಾನುವಾರ ಗಾಡಿ ಮತ್ತೆ ಹತ್ತಲಿಲ್ಲ. ಬೇರೆ ಊರಿನ ಮೇಸ್ತ್ರಿ ಬಂದು ಹಚ್ಚಿದ. ಸಿದ್ಧಾರ್ಥ ಬರದೆಯೂ ಕೆಟ್ಟಿತಲ್ಲ? ನನಗೆ ಆಗಲೂ ಹೊಳೆಯಲಿಲ್ಲ. ನಾನಿಲ್ಲದಾಗ ಗೋಡೆ ಹಾರಿ ಬರುತ್ತಾನೆ ಎಂದುಕೊಂಡೆ. ಈಗ ಬರೆಯಲೂ ನಾಚಿಕೆ: ಬಾನೆಟ್ಟಿಗೆ ಹೊಲಿಗೆಯ ಕಪ್ಪು ದಾರ ಕಟ್ಟಿದೆ. ಗಾಡಿಯ ಸುತ್ತ ರಂಗೋಲಿ ಹಿಟ್ಟು ತೆಳುವಾಗಿ ಚೆಲ್ಲಿದೆ. ಎಣ್ಣೆ ನೋಡಿದ ಮೇಲೆ ದಿನಾಲೂ ಹೊಸ ದಾರ, ಹೊಸ ಹಿಟ್ಟು. ಎದುರು ಮನೆಯ ಗಂಗವ್ವ ಕಾಂಪೌಂಡಿನ ಮೇಲಿಂದ ಕುತ್ತಿಗೆ ಚಾಚಿ, "ಸಿಸ್ಟರಕ್ಕಾ, ಗಾಡಿಗಿ ಬಾಣಂತನ ಮಾಡಾಕತ್ತೀರೇನು?" ಎಂದಳು.

ಛಟ್ಟಿ ಅಮಾವಾಸ್ಯೆ ಕಳೆಯಿತು. ಭಾನುವಾರ ತಮ್ಮ ಬಂದ. ದಾರ ಕಟ್ಟಿದ ಹಾಗೆಯೇ ಇತ್ತು. ಹಿಟ್ಟಿನ ಮೇಲೆ ಇದ್ದದ್ದು ನನ್ನ ಚಪ್ಪಲಿಯ ಗುರುತು ಮತ್ತು ಒಂದು ಬೆಕ್ಕಿನದು. ತಮ್ಮ ಕೀಲಿ ತಿರುಗಿಸಿದ. ಕೊಂಯ್ ಕೊಂಯ್.

ತಮ್ಮ ಕೆಳಗಿಳಿದ. ಬೆಕ್ಕಿನ ಹೆಜ್ಜೆಯನ್ನು ನೋಡಿದ, ನನ್ನನ್ನು ನೋಡಿದ.

ಮರುದಿನ ಹತ್ತು ಗಂಟೆಗೆ ಚಾರ್ಟು ತೆಗೆದುಕೊಂಡು ಸಿದ್ಧಾರ್ಥನ ಶೆಡ್ಡಿಗೆ ಹೋದೆ. ಪಾನಾಗಳು ಮೊದಲಿನಂತೆಯೇ ಸಾಲಾಗಿದ್ದವು; ಬ್ಲೋವರುಗಳ ಜಾಗ ಖಾಲಿ. ಅವನು ಒಂದು ಮೊಪೆಡ್ಡಿನ ಚೈನು ಒರೆಸುತ್ತಿದ್ದ. "ಬರ್ರಿ" ಎಂದ, ಎದ್ದು ನಿಲ್ಲಲಿಲ್ಲ.

"ದಾರ ಹರದಿಲ್ಲ," ಎಂದೆ ನಾನು.

"ಯಾವ ದಾರರಿ?"

ಹೇಳಿದೆ. ಅವನು ಕೇಳಿಸಿಕೊಂಡ. ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಸ್ವಲ್ಪ ಹೊತ್ತು ಚೈನು ಒರೆಸಿ, "ಹೋದ ಭಾನವಾರ ಓಡಿದ ಮ್ಯಾಲ ಗಾಡಿಗಿ ಏನೇನ ಆತು, ಒಂದೂ ಬಿಡಲಾರದಂಗ ಹೇಳ್ರಿ," ಎಂದ. ವಾರ್ಡಿನಲ್ಲಿ ಇದೇ ಪ್ರಶ್ನೆಯನ್ನು ನಾನು ಸಾವಿರ ಸಲ ಕೇಳಿದ್ದೇನೆ. ಚಾರ್ಟು ನೋಡಿ ಓದಿದೆ. ಸೋಮವಾರ ಎಣ್ಣೆ, ನೀರು. ಮಂಗಳವಾರ ಎಣ್ಣೆ, ನೀರು. ಶುಕ್ರವಾರ ಗಾಡಿ ತೊಳೆದದ್ದು.

"ಯಾಕ ತೊಳದ್ರಿ?"

"ಅಮಾಸಿ ಅಲ್ಲನಪಾ. ಪೂಜಿ ಮಾಡಬೇಕಲ್ಲ."

"ಚಾರ್ಟಿನ್ಯಾಗ ಬರದಿಲ್ಲಲ್ರಿ?"

"ಪೂಜಿ ಯಾರ ಚಾರ್ಟಿನ್ಯಾಗ ಬರೀತಾರ?"

"ಪೂಜಿಗಿ ಏನೇನ ಮಾಡತೀರಿ?"

"ಮಾಲಿ ಹಾಕತೇನಿ, ಊದಿನಕಡ್ಡಿ ಬೆಳಗತೇನಿ, ಕಾಯಿ ಒಡಿತೇನಿ. ನಾಕೂ ಗಾಲಿಗಿ ನಿಂಬಿಹಣ್ಣ ಇಡತೇನಿ."

ಸಿದ್ಧಾರ್ಥನ ಕೈ ನಿಂತಿತು. "ನಿಂಬಿಹಣ್ಣ ಹೆಂಗ ಒಡೀತಾವ್ರಿ?"

"ಗಾಡಿ ಮುಂದ ಸರಿಸಿದ್ರ ಒಡೀತಾವ."

"ದೂಡತೀರೇನು?"

"ದೂಡೂದ್ಯಾಕ? ನನಗ ಹಚ್ಚಾಕ ಬರತೈತಿ." ಇದನ್ನು ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ. ತಮ್ಮ ನನಗೆ ಕಲಿಸಿದ ಡ್ರೈವಿಂಗ್ ಅಷ್ಟೇ: ಕ್ಲಚ್ಚು, ಗೇರು, ಒಂದೂವರೆ ಅಡಿ, ಬ್ರೇಕು. ಹನ್ನೆರಡು ಅಮಾವಾಸ್ಯೆ, ಒಂದು ಖಂಡೇಪೂಜೆ. ವರ್ಷಕ್ಕೆ ಒಟ್ಟು ಹತ್ತೊಂಬತ್ತೂವರೆ ಅಡಿ.

"ಆಮ್ಯಾಲ?"

"ಆಮ್ಯಾಲ ಏನು? ಬಂದ್..."

ಆ ಮಾತು ಬಾಯಲ್ಲೇ ಉಳಿಯಿತು. ನನ್ನದೇ ದುಂಡು ಅಕ್ಷರದ ನಾಲ್ಕನೆಯ ನಿಯಮ ಕಣ್ಣಮುಂದೆ ಬಂದು ನಿಂತಿತು. ಅದರ ಹಿಂದೆಯೇ ಬೇಡಕಿಹಾಳದ ಆ ಮುದುಕಿ. ತಿನ್ನಿಸಿಲ್ರಿ, ಅದು ಪ್ರಸಾದ. ನಾನೂ ಗಾಡಿ ಚಾಲೂ ಮಾಡಿರಲಿಲ್ಲ, ಅದು ಪೂಜೆ.

"ಹತ್ತ ಸಲ ಕೇಳಿನ್ರಿ ನಾನು," ಎಂದ ಸಿದ್ಧಾರ್ಥ. "ಹತ್ತೂ ಸಲ ಇಲ್ಲ ಅಂದ್ರಿ. ನೀವು ಸುಳ್ಳ ಹೇಳಾವರಲ್ಲ ಅಂತ ಗೊತ್ತಿತ್ತು. ನಿಮ್ಮ ತಮ್ಮಾರ ಮ್ಯಾಲ ಸಂಶೆ ಮಾಡಿದ್ನಿ. ನಮ್ಮ ಮನ್ಯಾಗ ನಿಂಬಿಹಣ್ಣ ಪಾನಕಕ್ಕ ಅಷ್ಟರಿ. ಗಾಲಿ ಬುಡಕ ಇಡೂದು ನನಗ ಹೊಳೀಲಿಲ್ಲ."

ಅವನ ಶೆಡ್ಡಿನಲ್ಲಿ ಗಾಡಿ ಒಂದು ಅಮಾವಾಸ್ಯೆಯನ್ನು ಏಕೆ ಸುಖವಾಗಿ ದಾಟಿತ್ತು ಎಂಬುದು ನನಗೆ ಆಗ ತಿಳಿಯಿತು.

"ತಪ್ಪಾತು ಮೇಸ್ತ್ರಿ," ಎಂದೆ. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಆ ಶಬ್ದ ಹೆಚ್ಚು ಬಳಸಿದವಳಲ್ಲ. 

ಅವನು ಖಾಲಿ ಜಾಗದ ಕಡೆ ನೋಡಿದ. "ಇಲ್ಲಿ ಅಂದದ್ದು ಇಲ್ಲೇ ಉಳಿತೈತ್ರಿ ಬಾಯಿ. ಅಲ್ಲಿ ಅಂದದ್ದನ್ನ ಅಲ್ಲೇ ಅಳಸಬೇಕು. ಎಳ್ಳ ಅಮಾಸಿಗೆ ತ್ವಾಟದಾಗ ಮತ್ತ ಎಲ್ಲಾರೂ ಕೂಡತಾರಲ್ಲ?"

ಆ ತಿಂಗಳು ನಾನು ನಿದ್ದೆ, ಊಟ ಎಲ್ಲ ಗಡಿಯಾರದ ಪ್ರಕಾರವೇ ಮಾಡಿದೆ. ಆದರೆ ಕಡುಬು ಮುರಿಯುತ್ತ ಆಡಿದ ಮಾತನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದೆಂದು ಎಣ್ಣೆಯ ಕಡ್ಡಿ ಹಿಡಿದು ನಿಂತಾಗಲೆಲ್ಲ ಅಭ್ಯಾಸ ಮಾಡುತ್ತಿದ್ದೆ. ಪ್ರತಿ ಸಲವೂ ನನ್ನ ತಪ್ಪು ಸ್ವಲ್ಪ ಸಣ್ಣದಾಗಿ ಬರುತ್ತಿತ್ತು. ಅಭ್ಯಾಸವನ್ನೇ ಬಿಟ್ಟೆ.

ಎಳ್ಳ ಅಮಾವಾಸ್ಯೆಯ ಮುಂಜಾನೆ ಸಿದ್ಧಾರ್ಥ ಬಂದ. ನಾನು ಪೂಜೆ ಮಾಡಿ ನಿಂಬೆಹಣ್ಣು ಇಟ್ಟೆ. "ನಿಂಬಿಹಣ್ಣ ನಿಮ್ಮದು, ಗೇರ ನಂದು," ಎಂದು ಅವನು ಸ್ಟೇರಿಂಗ್ ಹಿಡಿದು ಕುಳಿತ. ನಾಲ್ಕೂ ಹಣ್ಣು ಪಟಪಟ ಒಡೆದವು. ಗಾಡಿ ನಿಲ್ಲಲಿಲ್ಲ. ಒಂದೂವರೆ ಅಡಿ ದಾಟಿತು, ಗೇಟು ದಾಟಿತು, ಚಿಕ್ಕೋಡಿ ದಾಟಿತು. ಕಬ್ಬಿನ ಟ್ರಾಕ್ಟರುಗಳ ಜೋಡಿ ಟ್ರೇಲರುಗಳ ಹಿಂದೆ ಸಿಕ್ಕಿಕೊಂಡಾಗ ನನ್ನ ಕಣ್ಣಿಗೆ ಕಂಡದ್ದು ಬರೀ ಗಾಲಿಗಳು. ಅಷ್ಟು ಕೆಳಗೆ ಕುಳಿತಿದ್ದೆ. ಕೃಷ್ಣೆಯ ಸೇತುವೆಯ ಮೇಲೆ ರಸ್ತೆ ಬರಿದಾಯಿತು. "ಮುಳ್ಳ ನಡು ಬಂದೈತ್ರಿ, ಮಸಿ ಉದರಸೂಣೇನು?" ಎಂದ. ನಾನು ಉತ್ತರಿಸುವ ಮೊದಲೇ ಇಂಜಿನ್ನು ಹೊಲಿಗೆ ಯಂತ್ರದಂತೆ ಕೂಗಿತು, ನನ್ನ ಸೆರಗು ಹಿಂದಿನ ಗಾಜಿಗೆ ಬಡಿಯಿತು. ಐನಾಪುರದ ತನಕ ನಾನು ದೇವರ ಹೆಸರು ಬಿಟ್ಟು ಬೇರೆ ಮಾತಾಡಲಿಲ್ಲ.

ತೋಟದಲ್ಲಿ ಅದೇ ಜನ, ಅದೇ ಜಮಖಾನೆ. ಸಜ್ಜೆ ರೊಟ್ಟಿ ಹರಿಯುವ ಮೊದಲೇ ನಾನು ಎದ್ದು ನಿಂತೆ. ಕುಳಿತೇ ಇದ್ದರೆ ಏಳುವ ಧೈರ್ಯ ಬರುತ್ತಿರಲಿಲ್ಲ.

"ಸೀಗಿ ಹುಣ್ಣಿಮಿಗೆ ಇಲ್ಲೇ ಕುಂತ ಮೇಸ್ತ್ರಿ ಮ್ಯಾಲ ಒಂದ ಮಾತ ಆಡಿದ್ನಿ. ಅದು ಸುಳ್ಳು. ಗಾಡಿ ಕೆಡಿಸಿದಾಕಿ ನಾನು. ಅವ ಪ್ರತಿ ಸಲ ಸುಧಾರಿಸಿದ, ನಾ ಪ್ರತಿ ಅಮಾಸಿಗೆ ಕೆಡಿಸಿನಿ." ಹೇಗೆಂಬುದನ್ನೂ ಹೇಳಿದೆ. ದಾರ, ಹಿಟ್ಟು, ಬೆಕ್ಕು, ಎಲ್ಲ.

ಮೊದಲು ನಕ್ಕವಳು ನಾದಿನಿ. ಆಮೇಲೆ ಎಲ್ಲರೂ. "ಅಂದ್ರ ಸಿಸ್ಟರ್ ಬಾಯಿ, ತಪ್ಪು ನಿಂಬಿಹಣ್ಣಿಂದೇನು?" ಎಂದು ಒಬ್ಬ ಕೆಣಕಿದ.

"ನಿಂಬಿಹಣ್ಣಿಂದಲ್ಲ. ಚಾರ್ಟ ಬರದಾಕಿದು."

ನಗು ಇಳಿಯಿತು. ಬ್ಲೋವರು ಮೊದಲು ತೆಗೆಸಿದ ಅಣ್ಣಾಸಾಹೇಬ ರೊಟ್ಟಿಯ ಬುಟ್ಟಿಯನ್ನು ಸಿದ್ಧಾರ್ಥನ ಕಡೆ ಸರಿಸಿದ. "ಮೇಸ್ತ್ರಿ, ನಮ್ಮ ಬ್ಲೋವರ್ ಯಾಡ ದಿನ ಆತು ಕೆಮ್ಮಾಕತ್ತೈತಿ. ನಾಳಿ ಬರತೀರೇನು?"

ಸಿದ್ಧಾರ್ಥ ರೊಟ್ಟಿ ತೆಗೆದುಕೊಂಡ. "ನಾಳಿ ಆಗೂದಿಲ್ರಿ. ನಾಡದ ಬರತೇನಿ. ನಾಳಿ ಮುಂಜಾನೆ ಬಾಯಾರ ಗಾಡಿ ಹತ್ತತೈತೋ ಇಲ್ಲೋ, ಅದರ ಖಾತ್ರಿ ಆಗಬೇಕು."

ಮರುದಿನ ಆರೂವರೆಗೆ ಎಣ್ಣೆ ನೋಡಿ, ಬಟ್ಟೆಗೆ ಗೆರೆ ಎಳೆದು, ಸ್ಟೇರಿಂಗಿನ ಮುಂದೆ ಕುಳಿತು ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಹತ್ತಿತು. ಆ ಸಂತೋಷದಲ್ಲಿ ಬಂದ್ ಮಾಡಲು ಕೈ ಹೋಗಿತ್ತು, ತಡೆದುಕೊಂಡೆ. ಮುಳ್ಳು ತಳದಲ್ಲೇ ಇತ್ತು. ಬಂದ್ ಮಾಡುವಂತಿಲ್ಲ, ಓಡಿಸಲು ನನಗೆ ಬರುವುದು ಒಂದೂವರೆ ಅಡಿ. ಹೀಗೆ ಅರವತ್ತೆಂಟರ ಮುದುಕಿ ಸ್ವೆಟರ್ ತೊಟ್ಟು, ನಿಂತ ಗಾಡಿಯಲ್ಲಿ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಕುಳಿತಿದ್ದೆ. ಗಂಗವ್ವ ಕಾಂಪೌಂಡಿನ ಮೇಲಿಂದ ನೋಡುತ್ತಿದ್ದಳು.

ಫೋನು ಬಂತು. ಸಿದ್ಧಾರ್ಥ.

"ಹತ್ತಿತೇನ್ರಿ?"

"ಒಂದ ಸಲಕ್ಕ ಹತ್ತಿತು."

"ಬಂದ್ ಮಾಡಿಲ್ಲಲ್ಲ?"

"ಇಲ್ಲಪಾ. ಚಾಲೂನ ಐತಿ."

 ಈ 'ಇಲ್ಲಪಾ' ಎಂಬ ಉತ್ತರವನ್ನು ಅವನು ಹಿಂದೆ ಹತ್ತು ಸಲ ಕೇಳಿ ನಂಬಿದ್ದನಲ್ಲ.

"ಬಾಯಾರ, ಸಿಟ್ಟಾಗಬ್ಯಾಡ್ರಿ. ಫೋನ ಒಂದೀಟ ಬಾನೆಟ್ಟಿನ ಹತ್ರ ಹಿಡೀರಿ. ಆವಾಜ ಕೇಳತೇನಿ."

ನಾನು ಇಳಿದು ಹೋಗಿ, ಮುಳ್ಳು ನಡುವಿಗೆ ಬರುವ ತನಕ, ಫೋನನ್ನು ಬಾನೆಟ್ಟಿನ ಮೇಲೆ ಹಿಡಿದುಕೊಂಡು ನಿಂತೆ.